ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳಬೇಡಿ



ಎಣ್ಣೆ ಅಂದಕೂಡಲೇ ಕೆಲವರು ಮುಸಿಮುಸಿ ನಗುತ್ತೀರಿ. ಆ ಎಣ್ಣೆಯ ಮಾತಲ್ಲ ಇದು, ಬಾಣಲೆಗೆ ಸುರಿಯುವ ಎಣ್ಣೆಯದು. ಈ ಹಾಳೆ ಸಂಜೆಯೊಳಗೆ ಮಿರ್ಚಿ ಕಟ್ಟಲು ಹೋಗುತ್ತದೆ ಎಂಬುದೂ ನಮಗೆ ಗೊತ್ತು. ಜಿಡ್ಡು ಹೀರಿ ಅಕ್ಷರ ಮಸುಕಾಗುವ ಮೊದಲು ಒಮ್ಮೆ ಓದಿಬಿಡಿ. ಅಚ್ಚಿನ ಶಾಯಿ ಹೊಟ್ಟೆಗೆ ಒಳ್ಳೆಯದಲ್ಲ, ಕಟ್ಟದೇ ಇದ್ದರೆ ಇನ್ನೂ ಒಳ್ಳೆಯದು.

ಆ ಮಿರ್ಚಿ ಕರಿದ ಎಣ್ಣೆ ಯಾವ ಊರಿನದು?

ಚಳ್ಳಕೆರೆಯಲ್ಲಿ ನಿಂತು ಈ ಪ್ರಶ್ನೆ ಕೇಳಬೇಕಾಗಿ ಬಂದದ್ದೇ ನಾಚಿಕೆ. ಎಣ್ಣೆ ನಗರ, ಎರಡನೇ ಮುಂಬೈ ಎಂದು ಹೆಸರು ಪಡೆದ ಊರು ಇದು. ಶೇಂಗಾ ಸುಗ್ಗಿಯಲ್ಲಿ ಮಂಡಿಯ ಮುಂದೆ ಗಾಡಿ ಸಾಲುಗಟ್ಟುತ್ತಿದ್ದವು, ಮಿಲ್ಲಿನ ಬೀದಿಗೆ ಕಾಲಿಟ್ಟರೆ ಬಿಸಿ ಹಿಂಡಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಈಗ ಅದೇ ಬೀದಿಯಲ್ಲಿ ಎಷ್ಟೋ ಮಿಲ್ಲುಗಳ ಬಾಗಿಲಿಗೆ ಬೀಗ. ಎದುರಿನ ಅಂಗಡಿಯಲ್ಲಿ ಪಾಮ್ ಎಣ್ಣೆಯ ಪ್ಯಾಕೆಟ್ಟು ತೋರಣ ಕಟ್ಟಿದಂತೆ ನೇತಾಡುತ್ತಿವೆ. ಅದು ಸುಮಾತ್ರಾ, ಬೋರ್ನಿಯೊ ದ್ವೀಪಗಳಲ್ಲಿ ಬೆಳೆದು, ಹಡಗೇರಿ ಬಂದು, ಬಂದರಿನ ಪಕ್ಕದ ರಿಫೈನರಿಯಲ್ಲಿ ಬಣ್ಣ ವಾಸನೆ ಕಳೆದುಕೊಂಡು ನಮ್ಮ ಒಲೆ ಸೇರುವ ಎಣ್ಣೆ. ಶೇಂಗಾ ಬೆಳೆದ ರೈತನೇ ಶೇಂಗಾ ಮಾರಿ ಮನೆಗೆ ಹೋಗುವಾಗ ಅದನ್ನು ಕೊಂಡೊಯ್ಯುತ್ತಾನೆ. ಅವನನ್ನು ಬೈಯುವುದಕ್ಕೆ ಈ ಕರಪತ್ರ ಅಚ್ಚು ಹಾಕಿಸಿಲ್ಲ, ನಮ್ಮಲ್ಲೂ ಹಾಗೆ ಕೊಂಡೊಯ್ದವರು ಇದ್ದೇವೆ.

ಈ ಸ್ಥಿತಿ ಮಳೆ ಬಾರದೆ ಬಂದದ್ದಲ್ಲ. ನಮ್ಮ ಸೀಮೆಗೆ ಮಳೆ ಎಂದೂ ಕಡಿಮೆಯೇ. 1986ರಲ್ಲಿ ಕೇಂದ್ರ ಸರ್ಕಾರ ಎಣ್ಣೆಕಾಳುಗಳಿಗೆಂದೇ ಟೆಕ್ನಾಲಜಿ ಮಿಷನ್ ಶುರು ಮಾಡಿತು. ರೈತನಿಗೆ ಬೆಲೆ ಸಿಕ್ಕಿತು, ಹೊರಗಿನ ಎಣ್ಣೆಗೆ ತಡೆ ಇತ್ತು. 90ರ ದಶಕದ ಆರಂಭಕ್ಕೆ ದೇಶ ತನಗೆ ಬೇಕಾದ ಎಣ್ಣೆಯನ್ನು ಹೆಚ್ಚುಕಡಿಮೆ ತಾನೇ ತೆಗೆದುಕೊಳ್ಳುತ್ತಿತ್ತು. 1994ರಲ್ಲಿ ಪಾಮೋಲಿನ್ ಆಮದಿಗೆ ಬಾಗಿಲು ತೆರೆದರು. ಆಗ ಸುಂಕ ಶೇ 65. ಮರುವರ್ಷ ಶೇ 30, 1998ಕ್ಕೆ ಶೇ 15. ನಾಲ್ಕೇ ವರ್ಷದಲ್ಲಿ ಬೇಲಿ ಮುರಿದು ಬಿತ್ತು. ಆಮೇಲೆ ಹೊಲಕ್ಕೆ ಏನು ನುಗ್ಗಿತು ಎಂಬುದನ್ನು ಹೇಳಬೇಕಿಲ್ಲ. 2022-23ರ ಎಣ್ಣೆ ವರ್ಷದಲ್ಲಿ ಭಾರತ ತರಿಸಿಕೊಂಡ ಅಡುಗೆ ಎಣ್ಣೆ ಸುಮಾರು 165 ಲಕ್ಷ ಟನ್. ಅದರಲ್ಲಿ ಪಾಮ್ ಒಂದೇ ಸುಮಾರು 98 ಲಕ್ಷ ಟನ್. ಒಟ್ಟು ಬಿಲ್ಲು ಸುಮಾರು 1.38 ಲಕ್ಷ ಕೋಟಿ ರೂಪಾಯಿ. ಸೂರ್ಯಕಾಂತಿ ಕೊಳ್ಳುತ್ತೇವೆ, ನಾವು ಬಚಾವು ಎಂದುಕೊಳ್ಳಬೇಡಿ. ಅದೂ ಬಹುಪಾಲು ರಷ್ಯಾ, ಉಕ್ರೇನ್‌ಗಳದ್ದು. ಇಪ್ಪತ್ತು ವರ್ಷದ ಹಿಂದೆ ನಮ್ಮ ರಾಜ್ಯದಲ್ಲಿ ಹತ್ತು ಲಕ್ಷ ಹೆಕ್ಟೇರ್ ದಾಟಿದ್ದ ಸೂರ್ಯಕಾಂತಿಯಲ್ಲಿ ಇವತ್ತು ಕಾಲು ಭಾಗವೂ ಉಳಿದಿಲ್ಲ.

ಅಗ್ಗಕ್ಕೆ ಸಿಗುತ್ತದಲ್ಲ, ಎಲ್ಲಿಯದಾದರೇನು ಎಂದು ಕೇಳುವವರಿದ್ದಾರೆ. ಅಂಗಡಿಯಲ್ಲಿ ಅಗ್ಗ, ನಿಜ. ಉಳಿದ ಹಣ ಯಾರೋ ಕಟ್ಟುತ್ತಿದ್ದಾರೆ.

ಪಾಮ್ ಮರಕ್ಕೂ ಕನ್ನಡದಲ್ಲಿ ತಾಳೆ ಎಂದೇ ಹೆಸರಿಟ್ಟು ಗೊಂದಲ ಮಾಡಿಟ್ಟಿದ್ದಾರೆ. ನಮ್ಮ ತಾಟಿನುಂಗಿನ ತಾಳೆ ಬೇರೆ, ಇದು ಬೇರೆ. ಇದರ ತವರು ಪಶ್ಚಿಮ ಆಫ್ರಿಕಾ. 1848ರಲ್ಲಿ ಡಚ್ಚರು ಜಾವಾದ ಬೋಗೋರ್ ಸಸ್ಯತೋಟದಲ್ಲಿ ನಾಲ್ಕೇ ನಾಲ್ಕು ಸಸಿ ನೆಟ್ಟರು. ಇವತ್ತು ಜಗತ್ತಿನ ಪಾಮ್ ಎಣ್ಣೆಯಲ್ಲಿ ಶೇ 80ಕ್ಕೂ ಹೆಚ್ಚು ಇಂಡೋನೇಷ್ಯಾ, ಮಲೇಷ್ಯಾ ಎರಡೇ ದೇಶಗಳಿಂದ ಬರುತ್ತದೆ. ಅದಕ್ಕೆ ಜಾಗ ಮಾಡಿಕೊಡಲು ಹೋದದ್ದು ಮಳೆಕಾಡು. ಕಾಡಿನ ಜೊತೆಗೆ ಪೀಟ್ ನೆಲವೂ ಹೋಯಿತು. ಪೀಟ್ ಎಂದರೆ ಸಾವಿರಾರು ವರ್ಷ ನೀರಿನಡಿ ಪೂರ್ತಿ ಕೊಳೆಯದೆ ಉಳಿದ ಎಲೆ, ಕೊಂಬೆ, ಬೇರುಗಳ ಜೌಗು. ಕೆಲವು ಕಡೆ ಅದರ ಆಳ ಹತ್ತು ಮೀಟರು ಮೀರುತ್ತದೆ. ತೋಟ ಮಾಡಲು ಕಾಲುವೆ ತೋಡಿ ನೀರು ಬಸಿದುಬಿಟ್ಟರೆ ಆ ನೆಲ ಬೇಸಿಗೆಯ ಕುಳ್ಳಿನ ಬಣವೆಯಾಗುತ್ತದೆ. ಕುಳ್ಳಿಗೆ ಬೆಂಕಿ ಬಿದ್ದರೆ ಮೇಲೆ ಆರಿದಂತೆ ಕಂಡು ಒಳಗೆ ವಾರಗಟ್ಟಲೆ ಉರಿಯುವುದನ್ನು ನೀವೇ ನೋಡಿದ್ದೀರಿ. ಅದೂ ಹಾಗೆಯೇ, ಮಳೆಗಾಲ ಬಂದೇ ಆರಬೇಕು. 2015ರಲ್ಲಿ ಇಂಡೋನೇಷ್ಯಾದಲ್ಲಿ ಸುಮಾರು 26 ಲಕ್ಷ ಹೆಕ್ಟೇರ್ ಸುಟ್ಟುಹೋಯಿತು. ಸಿಂಗಪುರ, ಮಲೇಷ್ಯಾದ ಆಕಾಶವೂ ಹೊಗೆ ಕವಿದು ಶಾಲೆಗಳಿಗೆ ರಜೆ ಕೊಟ್ಟರು. ಆ ಒಂದು ವರ್ಷದ ನಷ್ಟವನ್ನು ವಿಶ್ವಬ್ಯಾಂಕ್ 1,600 ಕೋಟಿ ಡಾಲರ್ ಎಂದು ಅಂದಾಜು ಮಾಡಿತು. ಸುಟ್ಟ ನೆಲವೆಲ್ಲ ತಾಳೆಗಾಗಿ ಸುಟ್ಟದ್ದಲ್ಲ. ಕಾಗದದ ಮರ, ಬೇರೆ ಬೇಸಾಯವೂ ಅದರಲ್ಲಿ ಸೇರಿವೆ. ಆದರೆ ತಾಳೆಯ ಪಾಲು ಸಣ್ಣದಲ್ಲ. 1999ರಿಂದ 2015ರೊಳಗೆ ಬೋರ್ನಿಯೊ ಒಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಒರಾಂಗುಟಾನ್‌ಗಳು ಇಲ್ಲವಾದವು. ಕಾಡು ಕಡಿದದ್ದೂ ಕಾರಣ, ಬೇಟೆಯೂ ಕಾರಣ. ಮರ ಕಡಿದು ದಾರಿಯಾದ ಮೇಲೆಯೇ ಬಂದೂಕು ಒಳಗೆ ಹೋಗುವುದು.

ದುಡಿಯುವವರ ಪಾಡೂ ಇದೆ. 2020ರಲ್ಲಿ ಅಮೆರಿಕದ ಸುಂಕ ಇಲಾಖೆ ಮಲೇಷ್ಯಾದ ಎರಡು ದೊಡ್ಡ ಕಂಪನಿಗಳ ಪಾಮ್ ಎಣ್ಣೆಯನ್ನು ಬಂದರಿನಲ್ಲೇ ತಡೆಯಿತು. ತೋಟಗಳಲ್ಲಿ ಬಲವಂತದ ದುಡಿಮೆ ನಡೆಯುತ್ತಿದೆ ಎಂಬುದು ಅದು ಕೊಟ್ಟ ಕಾರಣ. ನಮ್ಮ ಬಂದರುಗಳಲ್ಲಿ ಅಂಥ ಪ್ರಶ್ನೆ ಕೇಳಿದವರು ನಮಗೆ ಕಂಡಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಮಾತು ಒಪ್ಪಿಕೊಳ್ಳಲೇಬೇಕು, ಇಲ್ಲದಿದ್ದರೆ ಈ ಕರಪತ್ರಕ್ಕೂ ವಾಟ್ಸಾಪ್ ಸಂದೇಶಕ್ಕೂ ವ್ಯತ್ಯಾಸ ಇರುವುದಿಲ್ಲ. ಮರದ ತಪ್ಪಿಲ್ಲ. ಒಂದು ಹೆಕ್ಟೇರ್ ತಾಳೆ ವರ್ಷಕ್ಕೆ ಮೂರೂವರೆ ಟನ್ನಿನಷ್ಟು ಎಣ್ಣೆ ಕೊಡುತ್ತದೆ. ಸೋಯಾ ಅರ್ಧ ಟನ್ ಕೊಟ್ಟರೆ ಹೆಚ್ಚು, ನಮ್ಮ ಮಳೆಯಾಶ್ರಿತ ಶೇಂಗಾವೂ ಅಷ್ಟರಲ್ಲೇ. ಜಗತ್ತೆಲ್ಲ ನಾಳೆ ಪಾಮ್ ಬಿಟ್ಟು ಸೋಯಾಗೆ ಹೋದರೆ ಬೋರ್ನಿಯೊ ಬದಲು ಬ್ರೆಜಿಲ್ಲಿನ ಕಾಡು ಹೋಗುತ್ತದೆ. ತೋಟ ಇಟ್ಟುಕೊಂಡವರೆಲ್ಲ ದೊಡ್ಡ ಧಣಿಗಳೂ ಅಲ್ಲ. ಇಂಡೋನೇಷ್ಯಾದ ತಾಳೆ ನೆಲದಲ್ಲಿ ಸುಮಾರು ಶೇ 40 ಸಣ್ಣ ಹಿಡುವಳಿದಾರರದ್ದು, ನಮ್ಮಂಥವರದ್ದೇ. ಪಾಮ್ ಎಣ್ಣೆ ವಿಷ ಎಂದು ಬರುವ ವಿಡಿಯೊಗಳನ್ನೂ ನಂಬಬೇಡಿ. ಅದರಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ಶೇಂಗಾ ಎಣ್ಣೆಯಲ್ಲಿ ಅದು ಐದನೇ ಒಂದು ಪಾಲೂ ಇಲ್ಲ. ವ್ಯತ್ಯಾಸ ಇಷ್ಟೇ, ಆದರೆ ದಿನಾ ಕರಿದದ್ದು ತಿನ್ನುವವರಿಗೆ ಅದು ಚಿಕ್ಕದೂ ಅಲ್ಲ.

ಹಾಗಾದರೆ ಇಲ್ಲೇ ತಾಳೆ ಬೆಳೆಯೋಣ ಎನ್ನುವುದು ದೆಹಲಿಯ ಉತ್ತರ. 2021ರ ಆಗಸ್ಟಿನಲ್ಲಿ 11,040 ಕೋಟಿ ರೂಪಾಯಿಯ ತಾಳೆ ಮಿಷನ್ ಬಂತು. ಆರೂವರೆ ಲಕ್ಷ ಹೆಕ್ಟೇರ್ ಹೊಸ ತೋಟ, ಅದರಲ್ಲಿ ಅರ್ಧ ಈಶಾನ್ಯ ರಾಜ್ಯಗಳಲ್ಲಿ. ಅಂಡಮಾನಿನ ಹೆಸರೂ ಇತ್ತು. ಲಿಟ್ಲ್ ಅಂಡಮಾನಿನಲ್ಲಿ ಮಳೆಕಾಡು ಕಡಿದು ಮಾಡಿದ್ದ ಸುಮಾರು ಒಂದೂವರೆ ಸಾವಿರ ಹೆಕ್ಟೇರ್ ತಾಳೆ ತೋಟಕ್ಕೆ 2002ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿದ್ದು ಇಷ್ಟು ಬೇಗ ಮರೆತುಹೋಯಿತೋ ಏನೋ. ಮಿಜೋರಾಂನಲ್ಲಿ 2004ರ ನಂತರ ಗುಡ್ಡ ಗುಡ್ಡಗಳಿಗೆ ತಾಳೆ ನೆಡಿಸಿದರು. ಈ ಬೆಳೆಯ ಕಷ್ಟ ಏನೆಂದರೆ, ಗೊನೆ ಕೊಯ್ದ ಒಂದೆರಡು ದಿನದೊಳಗೆ ಮಿಲ್ಲು ಮುಟ್ಟಬೇಕು, ತಡವಾದರೆ ಎಣ್ಣೆ ಹುಳಿಯುತ್ತದೆ. ದಾರಿ ಸರಿಯಿಲ್ಲದ ಊರಲ್ಲಿ, ಮಿಲ್ಲು ದೂರ ಇದ್ದಲ್ಲಿ ಗೊನೆ ಕೊಳೆಯಿತು, ಎಷ್ಟೋ ಜನ ತೋಟ ಕೈಬಿಟ್ಟರು. ಶೇಂಗಾವನ್ನು ಬೆಲೆ ಬರುವ ತನಕ ಚೀಲ ಕಟ್ಟಿ ಅಟ್ಟಕ್ಕೆ ಹಾಕಬಹುದು. ತಾಳೆ ಗೊನೆಯನ್ನು ಒಬ್ಬನೇ ಕೊಳ್ಳುಗನ ಬಾಗಿಲಿಗೆ, ಅವನು ಹೇಳಿದ ದಿನ, ಅವನ ತೂಕಕ್ಕೆ ಹಾಕಬೇಕು.

ನೀರಿನ ಲೆಕ್ಕ ಇಲ್ಲೇ ಮಾಡಿ ನೋಡಿ. ಎಕರೆಗೆ 57 ಗಿಡ. ಬೇಸಿಗೆಯಲ್ಲಿ ಬೆಳೆದ ಗಿಡಕ್ಕೆ ದಿನಕ್ಕೆ 200 ಲೀಟರ್ ಎಂದು ಹಿಡಿದರೂ 11,400 ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರು ದಿನಾ ಎರಡು ಬಂದು ಸುರಿದರೂ ಸಾಲದು, ಅದೂ ಒಂದೇ ಎಕರೆಗೆ. ಭದ್ರಾ ಅಚ್ಚುಕಟ್ಟಿನಲ್ಲಿ ತಾಳೆ ಬೆಳೆದವರಿದ್ದಾರೆ. ನಾಲೆಯ ನೀರಿದ್ದವರ ಮಾತು ಬೇರೆ, ಅವರೊಂದಿಗೆ ನಮಗೆ ಜಗಳವಿಲ್ಲ. ಸಾವಿರ ಅಡಿ ಬೋರು ಕೊರೆದು ಹೊಗೆ ಬಂದದ್ದನ್ನು ನೋಡಿದ ನಮ್ಮ ತಾಲ್ಲೂಕಿಗೆ ಯಾರಾದರೂ ಸಬ್ಸಿಡಿ ಸಸಿ ಹಿಡಿದು ಬಂದರೆ ಅವರನ್ನು ಕೂರಿಸಿ, ಚಹಾ ಕೊಟ್ಟು, ಈ ಗುಣಾಕಾರ ತೋರಿಸಿ ಕಳಿಸಿ.

ಬೆಲೆಯ ಲಗಾಮು ನಮ್ಮ ಕೈಯಲ್ಲಿಲ್ಲ ಎಂಬುದು ಇನ್ನೊಂದು. 2022ರ ಫೆಬ್ರುವರಿಯಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾಯಿತು, ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತನ್ನ ಜನಕ್ಕೆ ಸಾಲದೆಂದು ರಫ್ತು ನಿಲ್ಲಿಸಿತು. ಆ ಬೇಸಿಗೆಯ ಎಣ್ಣೆ ಬೆಲೆ ಮನೆ ನಡೆಸುವ ಯಾವ ಹೆಂಗಸೂ ಮರೆತಿರಲಾರಳು. 2025ರಲ್ಲಿ ಇಂಡೋನೇಷ್ಯಾ ಸರ್ಕಾರ ಡೀಸೆಲ್‌ಗೆ ಶೇ 40ರಷ್ಟು ಪಾಮ್ ಬೆರೆಸುವ ನಿಯಮ ತಂದಿತು. ಅಲ್ಲಿನ ಲಾರಿಯೂ ನಮ್ಮ ಬಾಣಲೆಯೂ ಒಂದೇ ಎಣ್ಣೆಗೆ ಕೈಚಾಚಿವೆ. ಇತ್ತ ನಮ್ಮ ಸುಂಕ ನೋಡಿ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ಅಡುಗೆ ಎಣ್ಣೆಯ ಮೇಲಿನ ಒಟ್ಟು ಸುಂಕವನ್ನು ಶೇ 5.5ರಿಂದ 27.5ಕ್ಕೆ ಏರಿಸಿದರು. ಶೇಂಗಾಗೆ ಒಳ್ಳೆಯ ಕಾಲ ಬಂತು ಎಂದು ನಂಬಿ 2025ರ ಮುಂಗಾರಿಗೆ ನಾವು ಬೀಜ ಹೊಂದಿಸುತ್ತಿದ್ದಾಗ, ಮೇ 30ರಂದು, ಅದನ್ನು ಶೇ 16.5ಕ್ಕೆ ಇಳಿಸಿದರು. ಏರಿಸುವುದು ತಪ್ಪಲ್ಲ, ಇಳಿಸುವುದೂ ತಪ್ಪಲ್ಲ. ಬಿತ್ತನೆಯ ಹೊತ್ತಿಗೆ ಒಂದು, ಕೊಯ್ಲಿನ ಹೊತ್ತಿಗೆ ಇನ್ನೊಂದು ಮಾಡುವುದು ತಪ್ಪು.

ಈಗ ನಾವು ನಿಮ್ಮ ಬಳಿ ಬಂದ ಕೆಲಸ.

ಪಡಿತರದ ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ರಾಜ್ಯದ ಸಂಪುಟ 2025ರ ಅಕ್ಟೋಬರಿನಲ್ಲಿ ತೀರ್ಮಾನ ಮಾಡಿತು. ರಾಜ್ಯದಲ್ಲಿ ಒಂದು ಕೋಟಿಗೂ ಹೆಚ್ಚು ಬಡ ಕುಟುಂಬಗಳ ಕಾರ್ಡು ಇವೆ. ಇಷ್ಟು ಮನೆಗೆ ಹೋಗುವ ಎಣ್ಣೆ ಯಾವುದು? ಟೆಂಡರಿನಲ್ಲಿ ಬರೀ ಅಡುಗೆ ಎಣ್ಣೆ ಎಂದು ಬರೆದು, ಕಡಿಮೆ ದರ ಕೂಗಿದವನಿಗೆ ಕೊಟ್ಟರೆ ಬರುವುದು ಯಾವುದೆಂದು ಮಗುವೂ ಹೇಳುತ್ತದೆ. 2015ರಲ್ಲೂ ಹೀಗೆಯೇ ಆಯಿತು. ಪಡಿತರದಲ್ಲಿ 25 ರೂಪಾಯಿಗೆ ಲೀಟರ್ ತಾಳೆ ಎಣ್ಣೆ ಬಂತು. ಬಡವನ ಮನೆಗೆ ಎಣ್ಣೆ ತಲುಪಿದ್ದು ಒಳ್ಳೆಯದೇ ಆಯಿತು, ಆದರೆ ಶೇಂಗಾ ಎಣ್ಣೆಯ ಘಮ ಗೊತ್ತಿದ್ದ ನಾಲಿಗೆಗೆ ಪಾಮಿನ ರುಚಿ ಹತ್ತಿದ್ದೂ ಆಗಲೇ.

ಲೆಕ್ಕ ಹಾಕಿದ್ದೇವೆ, ತಪ್ಪಿದ್ದರೆ ತಿದ್ದಿ. ಇಡೀ ರಾಜ್ಯಕ್ಕೆ ಶೇಂಗಾ ಎಣ್ಣೆಯನ್ನೇ ಕೊಡಿ ಎಂದರೆ ರಾಜ್ಯದ ಶೇಂಗಾ ಪೂರ್ತಿ ಅದಕ್ಕೇ ಬೇಕಾದೀತು, ತಿನ್ನುವುದಕ್ಕೆ, ಬೀಜಕ್ಕೆ ಉಳಿಯುವುದಿಲ್ಲ. ಹಾಗಾಗಿ ಅದನ್ನು ಕೇಳುತ್ತಿಲ್ಲ. ಮೊದಲು ಶೇಂಗಾ ಜಿಲ್ಲೆಗಳಿಗೆ ಶೇಂಗಾ ಎಣ್ಣೆ, ಸೂರ್ಯಕಾಂತಿ ಸೀಮೆಗೆ ಅಲ್ಲೇ ಬೆಳೆದ ಸೂರ್ಯಕಾಂತಿ. ಚಿತ್ರದುರ್ಗ ಜಿಲ್ಲೆಗೆ ನಾಲ್ಕು ಲಕ್ಷ ಕಾರ್ಡು, ತಿಂಗಳಿಗೆ ತಲಾ ಒಂದು ಲೀಟರ್ ಎಂದು ಹಿಡಿಯಿರಿ. ವರ್ಷಕ್ಕೆ 48 ಲಕ್ಷ ಲೀಟರ್. ಲೀಟರ್ ಎಣ್ಣೆಗೆ ಎರಡೂವರೆ ಕೆಜಿ ಬೀಜ ಎಂದರೆ 12 ಸಾವಿರ ಟನ್ ಬೀಜ, ಕಾಯಿಯ ಲೆಕ್ಕದಲ್ಲಿ ಸುಮಾರು 1.7 ಲಕ್ಷ ಕ್ವಿಂಟಾಲ್. ಮಳೆ ಕೈಕೊಡದ ವರ್ಷ ಜಿಲ್ಲೆಯ ಬೆಳೆಯಲ್ಲಿ ಇದು ಒಂದು ಪಾಲು ಅಷ್ಟೇ. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 7,263 ರೂಪಾಯಿ. ಈ ಬೆಲೆಗೆ ಕೊಂಡರೆ 120 ಕೋಟಿಗೂ ಮೇಲೆ ನೇರ ಈ ಜಿಲ್ಲೆಯ ಹೊಲಗಳಿಗೆ ಬರುತ್ತದೆ. ಕಳೆದ ಸಲ ಮಂಡಿಯಲ್ಲಿ ನಿಮಗೆ ಸಿಕ್ಕ ಬೆಲೆಯ ಚೀಟಿ ಜೇಬಿನಲ್ಲಿದ್ದರೆ ತೆಗೆದು ಹೋಲಿಸಿ ನೋಡಿ.

ಹಿಂಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಷ್ಟು ಬೀಜ ಇಲ್ಲೇ ಅರೆದರೆ ಏಳು ಸಾವಿರ ಟನ್ನಿಗೂ ಹೆಚ್ಚು ಹಿಂಡಿ ಇಲ್ಲೇ ಉಳಿಯುತ್ತದೆ. ಹಡಗಿನಲ್ಲಿ ಬರುವ ಪಾಮ್ ಜೊತೆ ಒಂದು ಹಿಡಿ ಹಿಂಡಿಯೂ ಬರುವುದಿಲ್ಲ. ಎಮ್ಮೆ ಕಟ್ಟಿದ ಅವ್ವನನ್ನು ಕೇಳಿ, ಹಿಂಡಿ ತುಟ್ಟಿಯಾದ ದಿನ ಡೇರಿಗೆ ಎಷ್ಟು ಹಾಲು ಕಡಿಮೆ ಹೋಗುತ್ತದೆಂದು. ಹೊಟ್ಟು ದನಕ್ಕೆ, ಸಿಪ್ಪೆ ಒಲೆಗೆ, ಬೇರಿನ ಗಂಟು ಮುಂದಿನ ಬೆಳೆಗೆ ಗೊಬ್ಬರ, ಅಕ್ಕಡಿ ಸಾಲಿನಲ್ಲಿ ತೊಗರಿ, ಅಲಸಂದೆ. ಶೇಂಗಾ ಬರೀ ಎಣ್ಣೆಗಾಗಿ ಬೆಳೆದ ಬೆಳೆಯಲ್ಲ. ಹೆಕ್ಟೇರಿಗೆ ಎಷ್ಟು ಎಣ್ಣೆ ಎಂಬ ಒಂದೇ ಅಳತೆಯಲ್ಲಿ ತಾಳೆಯ ಮುಂದೆ ನಿಲ್ಲಿಸಿದರೆ ಅದು ಸೋಲುತ್ತದೆ. ಬೇರೆ ಅಳತೆಗಳೂ ಇವೆ ಎಂದು ಹೇಳುವವರು ನಾವೇ ಆಗಬೇಕು.

ಇದೆಲ್ಲ ಆಗುವ ಮಾತೇ ಎಂದು ಕೆಲವರು ತಲೆಯಾಡಿಸುತ್ತೀರಿ. ಹಾಲಿಗೆ ಆಗಿದೆ. 2013ರ ಕ್ಷೀರಭಾಗ್ಯದಿಂದ ಶಾಲೆಯ ಮಕ್ಕಳ ಲೋಟಕ್ಕೆ ನಮ್ಮದೇ ಒಕ್ಕೂಟದ ಹಾಲಿನ ಪುಡಿ ಹೋಯಿತು. ರಾಗಿ, ಜೋಳವನ್ನು ಬೆಂಬಲ ಬೆಲೆಗೆ ಕೊಂಡು ಪಡಿತರಕ್ಕೆ ಕೊಡುತ್ತಿದ್ದಾರೆ. ಎಣ್ಣೆಬೀಜ ಬೆಳೆಗಾರರ ಸಹಕಾರ ಮಹಾಮಂಡಳಿ ರಾಜ್ಯಕ್ಕೆ ಇದೆ, ಬೀಗ ಹಾಕಿದ ಮಿಲ್ಲುಗಳು ತಾಲ್ಲೂಕಿನಲ್ಲಿವೆ, ಕೆಲಸ ಗೊತ್ತಿರುವ ಹಮಾಲರು, ಮಿಲ್ಲಿನವರು ಇನ್ನೂ ಬದುಕಿದ್ದಾರೆ. ಇವನ್ನು ಒಂದು ಕಡೆ ಸೇರಿಸುವ ಸರ್ಕಾರಿ ಕಾಗದ ಒಂದೇ ಬಾಕಿ.

ಲೀಟರಿಗೆ ಖರ್ಚು ಹೆಚ್ಚಾಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆ ಹೆಚ್ಚುವರಿ ಹಣ ಬಡವನ ಜೇಬಿನಿಂದಲ್ಲ, ಬೊಕ್ಕಸದಿಂದ ಹೋಗಬೇಕು ಎಂಬುದು ನಮ್ಮ ಬೇಡಿಕೆ. ಬಜ್ಜಿ ಗಾಡಿಯ ಅಣ್ಣನಿಗೆ ನಾಳೆಯಿಂದ ಶೇಂಗಾ ಎಣ್ಣೆಯಲ್ಲೇ ಕರಿ ಎಂದು ಹೇಳುವಷ್ಟು ತಿಳಿಗೇಡಿಗಳೂ ನಾವಲ್ಲ, ಅವನ ಸಂಸಾರ ನಡೆಯಬೇಕು. ಕರಿದದ್ದರಲ್ಲೇ ಕರಿದು ಕಪ್ಪಾದ ಎಣ್ಣೆಯನ್ನು ಚೆಲ್ಲಿ ಎಂದು ಮಾತ್ರ ಕೇಳುತ್ತೇವೆ, ಅದು ಯಾವ ಎಣ್ಣೆಯಾದರೂ ಸರಿ.

ಮನೆಯ ಮಟ್ಟಿಗೆ ಒಂದು ದಾರಿ ಇದೆ. ಒಬ್ಬರಿಗೆ ವರ್ಷಕ್ಕೆ 12 ಕೆಜಿ ಎಣ್ಣೆ ಸಾಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಲಹೆ, ದೇಶದ ಸರಾಸರಿ 19 ಕೆಜಿ ದಾಟಿದೆ. ತಿಂಗಳಿಗೆ ಐದು ಲೀಟರ್ ಪಾಮ್ ತರುವ ಮನೆ ಮೂರೂವರೆ ಲೀಟರ್ ಶೇಂಗಾ ಎಣ್ಣೆಗೆ ಇಳಿದರೆ, ಮಿಲ್ಲಿನ ಎಣ್ಣೆಯಾದರೆ ಖರ್ಚು ಹೆಚ್ಚುಕಡಿಮೆ ಸರಿಹೋಗುತ್ತದೆ. ಗಾಣದ್ದಾದರೆ ಸರಿಹೋಗುವುದಿಲ್ಲ, ಅದು ಪಾಮಿನ ಎರಡು ಮೂರು ಪಟ್ಟು. ಕೈಲಾಗುವವರು ಗಾಣದ್ದೇ ಕೊಳ್ಳಿ, ಆದರೆ ಬೀಜ ಕಣ್ಣಾರೆ ನೋಡಿ ಅರೆಸಿ. ಬೂಷ್ಟು ಹಿಡಿದ ಶೇಂಗಾ ಎಷ್ಟೇ ಮರದ ಗಾಣದಲ್ಲಿ ಅರೆದರೂ ಕೆಟ್ಟದ್ದೇ, ಅದರ ವಿಷ ಸೋಸಿದರೆ ಹೋಗುವುದಿಲ್ಲ. ಪ್ಯಾಕೆಟ್ಟಿನ ಮುಂದಿನ ಶೇಂಗಾ ಚಿತ್ರ ನೋಡಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ. ಬ್ಲೆಂಡೆಡ್ ಎಂದಿದ್ದರೆ ಒಳಗೆ ಎಂಬತ್ತು ಪಾಲು ಬೇರೆಯದೇ ಎಣ್ಣೆ ಇರಲು ಕಾನೂನೇ ಬಿಡುತ್ತದೆ. ಮಾಗಿಯ ಚಳಿಯ ಬೆಳಗ್ಗೆ ಬಾಟಲಿಯ ತಳದಲ್ಲಿ ಬೆಳ್ಳಗೆ ಗಟ್ಟಿ ಕೂತಿದ್ದರೆ ಅನುಮಾನಪಡಿ. ಬಿಸ್ಕತ್ತು, ನೂಡಲ್ಸ್, ಬೇಕರಿಯ ಪಫ್, ಸೋಪು, ಎಲ್ಲದರಲ್ಲೂ ಪಾಮ್ ಅಡಗಿದೆ. ಅವನ್ನೆಲ್ಲ ಬಿಡಿ ಎಂದರೆ ನೀವು ಈ ಹಾಳೆಯನ್ನೇ ಬಿಸಾಡುತ್ತೀರಿ. ಇರಲಿ.

ಮುಂದಿನ ಗ್ರಾಮಸಭೆಗೆ ಬನ್ನಿ. ಅಲ್ಲಿ ಓದಿ ಠರಾವು ಮಾಡಿಸಬೇಕಾದ ಮಾತು ಇಷ್ಟು: "ಪಡಿತರ ಕಿಟ್ಟಿಗೂ, ಬಿಸಿಯೂಟಕ್ಕೂ, ಹಾಸ್ಟೆಲುಗಳಿಗೂ ಈ ಜಿಲ್ಲೆಯಲ್ಲಿ ಕೊಡುವ ಎಣ್ಣೆ ಈ ಜಿಲ್ಲೆಯ ಶೇಂಗಾದಿಂದ, ಬೆಂಬಲ ಬೆಲೆಗೆ ಕೊಂಡು, ಇಲ್ಲಿನ ಮಿಲ್ಲು ಗಾಣಗಳಲ್ಲಿ ತೆಗೆದದ್ದಾಗಿರಬೇಕು. ಟೆಂಡರಿನಲ್ಲಿ ಎಣ್ಣೆಯ ಹೆಸರು ಬರೆಯಬೇಕು. ಬಿತ್ತನೆಯಿಂದ ಕೊಯ್ಲಿನವರೆಗೆ ಆಮದು ಸುಂಕ ಇಳಿಸಬಾರದೆಂದು ರಾಜ್ಯ ಸರ್ಕಾರ ಕೇಂದ್ರವನ್ನು ಕೇಳಬೇಕು." ಪಿಡಿಒ ಸಾಹೇಬರು ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎನ್ನಬಹುದು. ನಡಾವಳಿ ಪುಸ್ತಕದಲ್ಲಿ ಬರೆಯುವುದು ಅವರ ವ್ಯಾಪ್ತಿಗೇ ಬರುತ್ತದೆ ಎಂದು ವಿನಯದಿಂದ ಹೇಳಿ, ಬರೆದ ಪುಟದ ನಕಲು ಕೇಳಿ ತೆಗೆದುಕೊಳ್ಳಿ. ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕೂರಿ. ಬಿಸಿಯೂಟದ ಅಕ್ಕಂದಿರು ಅಡುಗೆಮನೆಗೆ ಈಗ ಬರುವ ಎಣ್ಣೆಯ ಖಾಲಿ ಪ್ಯಾಕೆಟ್ಟು ಒಂದನ್ನು ಕೈಯಲ್ಲಿ ಹಿಡಿದುಬನ್ನಿ.

ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಂತೆ ಎಂಬ ಗಾದೆ ನಮ್ಮ ಊರಿನವರಿಗೇ ಮಾಡಿದ್ದು ಎಂದು ಯಾರೂ ಆಡಿಕೊಳ್ಳದಿರಲಿ. ಕಿಟ್ಟಿನ ಎಣ್ಣೆಯ ಟೆಂಡರು ಒಮ್ಮೆ ಬೇರೆಯವರ ಪಾಲಾದರೆ ಆಮೇಲೆ ಕೂಗಿ ಪ್ರಯೋಜನವಿಲ್ಲ. ಸಹಿ ಹಾಕುವ ಹಾಳೆ ಈ ಕರಪತ್ರ ಕೊಟ್ಟವರ ಕೈಯಲ್ಲೇ ಇದೆ. ಹೆಸರು, ಊರು ಬರೆದರೆ ಸಾಕು. ಹೆಬ್ಬೆಟ್ಟು ಒತ್ತುವವರಿಗೆ ಶಾಯಿಯ ಡಬ್ಬಿಯೂ ತಂದಿದ್ದೇವೆ.

— ಚಳ್ಳಕೆರೆ ಸೀಮೆಯ ಕೆಲವು ಶೇಂಗಾ ಬೆಳೆಗಾರರು, ಮಿಲ್ಲಿನ ಹಳೆಯ ಕೆಲಸಗಾರರು, ಬಿಸಿಯೂಟದ ಅಡುಗೆಯವರು